ದಾದಿಯ ಬೆನ್ನಿಗೆ ನಿಲ್ಲುವವರು ಯಾರು?

ರಬಾಳೆಯ ನಿಲ್ದಾಣದಿಂದ ಬೆಳಗಿನ ಪಾಳಿಗೆಂದು ಠಾಣೆಯ ಕಡೆಗೂ ವಾಶಿಯ ಕಡೆಗೂ ಹೊರಡುವ ಹೆಣ್ಣುಮಕ್ಕಳಲ್ಲಿ ನಮ್ಮ ನಾಡಿನ ದಾದಿಯರೂ ಇದ್ದಾರೆಂಬುದು ವಾಚಕರಿಗೆ ಹೊಸ ಸಂಗತಿಯೇನಲ್ಲ. ಹೋಟೆಲಿನಲ್ಲಿ ದುಡಿಯುವವರ ಮಡದಿಯರು, ಕಾರಕೂನರ ಅಕ್ಕತಂಗಿಯರು, ಊರಿನಲ್ಲಿ ನರ್ಸಿಂಗ್ ಕಲಿತು ಇಲ್ಲಿ ಸೋದರಮಾವನ ಖೋಲಿಯಲ್ಲಿ ಆಸರೆ ಪಡೆದು ಕೆಲಸ ಹಿಡಿದವರು, ಇವರೆಲ್ಲರೂ ನಮ್ಮ ಮನೆಯವರೇ. ಇವರ ಸಂಬಳದಿಂದ ಊರಿನ ಮನೆಯ ಹಂಚು ಬದಲಾಗಿದೆ. ತಮ್ಮಂದಿರ ಶಾಲೆಯ ಫೀಸು ಸಂದಿದೆ. ಆದರೆ ಒಂದು ದಿನ ಆ ಗಾಡಿ ಹತ್ತುವುದನ್ನು ನಿಲ್ಲಿಸಿ ಮನೆಯಲ್ಲಿಯೇ ಉಳಿದುಹೋದ ದಾದಿಯರೂ ನಮ್ಮಲ್ಲಿ ಇದ್ದಾರೆ. ರೋಗಿಯನ್ನು ಎತ್ತಿ ಮಲಗಿಸುವಾಗ ಸೊಂಟದಲ್ಲಿ ಏನೋ ‘ಕಳಕ್’ ಎಂದಿತು, ಅಂದಿನಿಂದ ಕಾಲಿನುದ್ದಕ್ಕೂ ಬೆಂಕಿ ಹರಿದಂತಾಗುತ್ತಿದೆ ಎಂದು ಹೇಳುವವರು ಇವರು. ಇವರಿಗೆ ಕೆಲಸ ಬೇಡವಾಗಿಲ್ಲ. ಮರಳಿ ವಾರ್ಡಿಗೆ ಹೋಗುವ ದಿನವನ್ನೇ ಎದುರು ನೋಡುತ್ತಿದ್ದಾರೆ. ಆ ದಿನ ಬರುವಂತೆ ಮಾಡುವ ಹೊಣೆ ಯಾರದು ಎಂಬುದೇ ಇಂದಿನ ನಮ್ಮ ಪ್ರಶ್ನೆ.

ಮೊದಲಿಗೆ ಈ ನೋವಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ದಿನವಿಡೀ ಕಲ್ಲಿಯ ಮುಂದೆ ನಿಂತ ಅಡಿಗೆಯವನಿಗೂ, ಟೇಬಲಿನಿಂದ ಟೇಬಲಿಗೆ ಓಡಾಡಿದ ಮಾಣಿಗೂ ಕಾಲು ನೋಯುವುದುಂಟು. ಅದು ಮೈಮುರಿದು ದುಡಿದ ನೋವು; ರಾತ್ರಿ ಮಲಗಿ ಎದ್ದರೆ ಬಹುಮಟ್ಟಿಗೆ ಇಳಿದಿರುತ್ತದೆ. ನರದ ನೋವಿನ ಬಗೆ ಬೇರೆ. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದರೆ ಸೊಂಟದಿಂದ ಪಾದದವರೆಗೆ ವಿದ್ಯುತ್ತು ತಗುಲಿದಂತಹ ಸೆಳೆತ, ಉರಿ, ಜುಮ್ಮೆನ್ನುವಿಕೆ ಉಂಟಾಗುತ್ತವೆ. ಆಯುರ್ವೇದದವರು ಗೃಧ್ರಸಿ ಎಂದೂ ಇಂಗ್ಲೀಷ್ ವೈದ್ಯರು ಸಯಾಟಿಕಾ ಎಂದೂ ಕರೆಯುವುದು ಇದನ್ನೇ. ಮುಂಗೈಯ ನರ ಅದುಮಿಕೊಂಡರೆ ಬೆರಳುಗಳು ಮರಗಟ್ಟುತ್ತವೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಕೆಡುತ್ತವೆ. ಸರ್ಪಸುತ್ತು ಮಾಯ್ದ ಮೇಲೂ ಅದರ ಜಾಗದಲ್ಲಿ ಉರಿ ಉಳಿಯುವುದುಂಟು. ಮೆತ್ತೆ ಜಾರಿದ್ದರಿಂದ ಬಂದ ನೋವು ಬಹುಮಂದಿಗೆ ಕೆಲವು ವಾರಗಳಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆಯೇ, ತಗ್ಗುತ್ತದೆಂಬುದು ಸಮಾಧಾನದ ಮಾತು. ಕೆಲವರಿಗೆ ಮಾತ್ರ ತಗ್ಗುವುದಿಲ್ಲ. ಮೂರು ತಿಂಗಳು ಮೀರಿ ನಿಂತ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಎಣಿಸುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇಂತಹ ನೋವಿಗೆ ತನ್ನದೇ ಆದ ಸ್ಥಾನ ದೊರಕಿದೆ. ಅಂದರೆ, ಬೇರೊಂದು ರೋಗದ ನೆರಳೆಂದು ಇದನ್ನು ತಳ್ಳಿಹಾಕುವ ಕಾಲ ಶಾಸ್ತ್ರದಲ್ಲಿ ಮುಗಿದಿದೆ.

ಮನೆಗಳಲ್ಲಿ ಮುಗಿದಿಲ್ಲ. ಮುರಿದ ಕೈಗೆ ಪ್ಲಾಸ್ಟರ್ ಕಾಣುತ್ತದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ನರದ ನೋವನ್ನು ತೋರಿಸುವ ಗುರುತು ಮೈಮೇಲೆ ಇರುವುದಿಲ್ಲ. ಬೆಳಿಗ್ಗೆ ನೆಲ ಒರೆಸಿದವಳು ಮಧ್ಯಾಹ್ನ ಎದ್ದು ನಿಲ್ಲಲಾರದೆ ಹೋದರೆ ಅತ್ತೆಗೆ ಅದು ಸೋಗಿನಂತೆ ಕಾಣುತ್ತದೆ. ಆಸ್ಪತ್ರೆಯ ಮೇಲಧಿಕಾರಿಗೆ ರಜೆಯ ನೆಪದಂತೆ ಕಾಣುತ್ತದೆ. ಇನ್ನೊಬ್ಬರ ನೋವನ್ನು ನಂಬುವುದೇ ತನ್ನ ವೃತ್ತಿಯ ಮೊದಲ ಪಾಠವೆಂದು ಕಲಿತವಳ ನೋವನ್ನು ನಂಬುವವರೇ ಇಲ್ಲದಂತಾಗುವುದು ಎಂತಹ ವಿಪರ್ಯಾಸ!

ಈ ನೋವು ದಾದಿಯ ಕೆಲಸಕ್ಕೆ ಅಂಟಿಕೊಂಡು ಬರುವುದೇಕೆ? ಹೋಟೆಲಿನ ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ. ಐವತ್ತು ಕಿಲೋದ ಅಕ್ಕಿಯ ಮೂಟೆಯನ್ನು ಎತ್ತಬೇಕಾದರೆ ಇಬ್ಬರು ಸೇರುತ್ತಾರೆ. ಮೂಟೆಗೆ ಹಿಡಿಯಲು ಮೂಲೆಯಿದೆ. ಎತ್ತುವಾಗ ಅದು ಹೊರಳುವುದಿಲ್ಲ, ಕೊರಳಿಗೆ ಜೋತು ಬೀಳುವುದಿಲ್ಲ. ಅರವತ್ತು ಎಪ್ಪತ್ತು ಕಿಲೋ ತೂಗುವ ರೋಗಿ ಹಾಗಲ್ಲ. ಅರೆಪ್ರಜ್ಞೆಯಲ್ಲಿರುವವನು ಇದ್ದಕ್ಕಿದ್ದಂತೆ ಕೈಬಿಡುತ್ತಾನೆ. ಬೀಳುವವನನ್ನು ಹಿಡಿಯಲು ದಾದಿ ಸೊಂಟ ತಿರುಚಿಯೇ ಧಾವಿಸಬೇಕು. ಅಮೆರಿಕದ ತಜ್ಞರು 2007ರಲ್ಲಿ ರೋಗಿಯನ್ನು ಕೈಯಿಂದ ಎತ್ತುವ ಭಾರ ಸಾಮಾನ್ಯವಾಗಿ 35 ಪೌಂಡನ್ನು, ಎಂದರೆ ಸುಮಾರು 16 ಕಿಲೋವನ್ನು, ಮೀರಬಾರದೆಂದು ಸೂಚಿಸಿದರು. ಅದಕ್ಕೆ ಮೇಲ್ಪಟ್ಟರೆ ಯಂತ್ರದ ಸಹಾಯ ಬೇಕೆಂಬುದು ಅವರ ಮತ. ಹದಿನಾರು ಕಿಲೋ ಎಂದರೆ ದೋಸೆಹಿಟ್ಟಿನ ದೊಡ್ಡ ಪಾತ್ರೆಯೊಂದರ ಭಾರ. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡವಾದರೋ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೊಬ್ಬಳು, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ಹಾಸಿಗೆಗೊಬ್ಬಳು ದಾದಿ ಇರಬೇಕೆನ್ನುತ್ತದೆ. ರಾತ್ರಿಯ ಪಾಳಿಯಲ್ಲಿ ಈ ಲೆಕ್ಕ ಎಲ್ಲಿ ಉಳಿಯುತ್ತದೆಂಬುದನ್ನು ವಾಚಕರು ತಮ್ಮ ಮನೆಯ ದಾದಿಯನ್ನೇ ಕೇಳಿ ತಿಳಿಯಲಿ.

ಇಲ್ಲಿ ನಮಗೆ ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಬಂದ ಒಬ್ಬ ದಾದಿಯ ನೆನಪು ಬರುತ್ತದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿದ್ದ ಅರುಣಾ ಶಾನಭಾಗರು 1973ರ ನವೆಂಬರ್ 27ರಂದು ಘೋರ ಹಲ್ಲೆಗೆ ಗುರಿಯಾಗಿ, 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ನಲವತ್ತೊಂದು ವರ್ಷಗಳಿಗೂ ಮಿಕ್ಕಿ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚಿಯಲ್ಲಿ ನೀಡಿದ ತೀರ್ಪನ್ನು ದಯಾಮರಣದ ಪ್ರಶ್ನೆಗಾಗಿ ಎಲ್ಲರೂ ನೆನೆಯುತ್ತಾರೆ. ಆ ತೀರ್ಪಿನಲ್ಲಿಯೇ ದಾಖಲಾದ ಇನ್ನೊಂದು ಸಂಗತಿಯ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಲು ನಾವು ಇಚ್ಛಿಸುತ್ತೇವೆ: ಅಷ್ಟು ದೀರ್ಘಕಾಲ ಮಲಗಿದಲ್ಲಿಯೇ ಇದ್ದ ಆಕೆಯ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ. ಹುಣ್ಣಾಗದಂತೆ ನೋಡಿಕೊಳ್ಳುವುದೆಂದರೇನು? ಎರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು ಶುಶ್ರೂಷೆಯ ಸಾಮಾನ್ಯ ನಿಯಮ. ದಿನಕ್ಕೆ ಹನ್ನೆರಡು ಸಲವಾಯಿತು. ಒಂದು ಜೀವದ ಬೆನ್ನು ಹುಣ್ಣಾಗದಂತೆ ಉಳಿಯಬೇಕಾದರೆ ಹಲವು ಜೀವಗಳು ತಮ್ಮ ಬೆನ್ನನ್ನು ಬಗ್ಗಿಸಬೇಕಾಗುತ್ತದೆ. ಕೆ.ಇ.ಎಂ.ನ ದಾದಿಯರು ತಲೆಮಾರಿನ ಮೇಲೆ ತಲೆಮಾರಾಗಿ ಇದನ್ನು ತಮ್ಮ ಸೋದರಿಗಾಗಿ ಮಾಡಿದರು. ಆಕೆ ನಮ್ಮವಳು, ನಾವೇ ನೋಡಿಕೊಳ್ಳುತ್ತೇವೆಂದು ಹಟ ಹಿಡಿದರು. ಎಂದೆಂದಿಗೂ ಕೆಲಸಕ್ಕೆ ಮರಳಲಾರದ ದಾದಿಯ ಹಾಸಿಗೆಯನ್ನು ಇಷ್ಟು ನಿಷ್ಠೆಯಿಂದ ಕಾದ ಈ ವೃತ್ತಿಯಲ್ಲಿಯೇ, ಮರಳಲು ಬಲ್ಲ ದಾದಿಯ ಜಾಗವನ್ನು ನಾಲ್ಕು ತಿಂಗಳು ಕಾಯುವ ಏರ್ಪಾಡು ಇಲ್ಲದಿರುವುದು ನಮಗೆ ಅರ್ಥವಾಗದು.

ದಾದಿಯರ ದಿನವೆಂದು ಮೇ 12ರಂದು ನಾವು ಯಾರ ಜನ್ಮದಿನವನ್ನು ಆಚರಿಸುತ್ತೇವೆಯೋ ಆ ಫ್ಲಾರೆನ್ಸ್ ನೈಟಿಂಗೇಲರ ಕೈಯಲ್ಲಿ ದೀಪ ಹಿಡಿದ ಚಿತ್ರವಷ್ಟೇ ನಮ್ಮ ಕಣ್ಣ ಮುಂದಿದೆ. ಆಕೆ ಆ ದೀಪವನ್ನು ಹಿಡಿದು ನಡೆದದ್ದು ಎರಡು ವರ್ಷಕ್ಕೂ ಕಡಿಮೆ ಕಾಲ. 1855ರಲ್ಲಿ ಕ್ರಿಮಿಯಾದಲ್ಲಿ ಹತ್ತಿದ ಜ್ವರದ ಶೇಷ ಆಕೆಯನ್ನು ದಶಕಗಳ ಕಾಲ ಕಾಡಿತು. ಬೆನ್ನೆಲುಬಿನ ತೀವ್ರ ನೋವಿನಿಂದ ವರ್ಷಗಟ್ಟಲೆ ಆಕೆ ಮಂಚ ಬಿಟ್ಟೇಳಲಾರದೆ ಇದ್ದರು. ಮುಂದೆ ವಾರ್ಡಿನಲ್ಲಿ ರೋಗಿಯ ಶುಶ್ರೂಷೆ ಮಾಡುವುದು ಅವರಿಂದ ಆಗಲಿಲ್ಲ. ಹಾಗೆಂದು ದಾದಿಯಾಗಿ ಅವರ ಕೆಲಸ ನಿಂತಿತೇ? ಶುಶ್ರೂಷೆಯ ಬಗೆಗಿನ ಅವರ ಪ್ರಸಿದ್ಧ ಪುಸ್ತಕ ಹೊರಬಂದದ್ದು 1859ರಲ್ಲಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾದದ್ದು 1860ರಲ್ಲಿ. ಹಿಂದುಸ್ಥಾನಕ್ಕೆ ಒಮ್ಮೆಯೂ ಬಾರದೆ, ಇಲ್ಲಿಯ ಸೈನ್ಯದ ಆರೋಗ್ಯ ಸ್ಥಿತಿಯ ವರದಿಗಾಗಿ ಅಂಕಿಅಂಶಗಳ ರಾಶಿಯನ್ನು ಮಂಚದ ಮೇಲಿನಿಂದಲೇ ಅವರು ಶೋಧಿಸಿದರು. ಆ ವರದಿ 1863ರಲ್ಲಿ ಪ್ರಕಟವಾಯಿತು. ಇಂದಿನ ಯಾವುದಾದರೂ ಆಸ್ಪತ್ರೆಯ ಆಡಳಿತ ಕಚೇರಿಗೆ ಆಕೆ ಹೋಗಿದ್ದರೆ ಅನ್‌ಫಿಟ್ ಎಂಬ ಮುದ್ರೆಯೊತ್ತಿ ಮನೆಗೆ ಕಳಿಸುತ್ತಿದ್ದರೇನೋ! ಆಕೆ ಸಿರಿವಂತರ ಮಗಳು, ಸಂಬಳದ ಹಂಗಿರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಸಂಬಳದ ಹಂಗಿರುವವಳಿಗೆ ಅದೇ ಅವಕಾಶವನ್ನು ಕಲ್ಪಿಸಿಕೊಡುವುದಕ್ಕೆಂದೇ ಅಲ್ಲವೇ ಕಾಯಿದೆ, ಸಂಘ, ಸರಕಾರಗಳು ಇರುವುದು?

ಅನ್‌ಫಿಟ್ ಎಂಬ ಈ ಮುದ್ರೆಯೇ ಎಲ್ಲ ತೊಂದರೆಯ ಮೂಲವೆಂದು ನಮ್ಮ ಅಭಿಮತ. ನಮ್ಮಲ್ಲಿ ವೈದ್ಯರು ಕೊಡುವ ಸರ್ಟಿಫಿಕೇಟಿಗೆ ಎರಡೇ ಮಾತು ಗೊತ್ತು: ಫಿಟ್, ಅನ್‌ಫಿಟ್. ಫಿಟ್ ಎಂದರೆ ಮೊದಲ ದಿನದಿಂದಲೇ ಪೂರ್ತಿ ಪಾಳಿ, ರಾತ್ರಿ ಡ್ಯೂಟಿ, ಹೊರುವುದು, ಎತ್ತುವುದು ಎಲ್ಲವೂ. ಅನ್‌ಫಿಟ್ ಎಂದರೆ ಮನೆ. ನೋವಿನೊಡನೆ ಬಾಳುವವಳ ನಿಜಸ್ಥಿತಿ ಇವೆರಡರ ನಡುವೆ ಇರುತ್ತದೆ. ಆಕೆ ನಾಲ್ಕು ತಾಸು ಕೆಲಸ ಮಾಡಬಲ್ಲಳು, ಎಂಟು ತಾಸು ಆಗದು. ಕುಳಿತು, ನಡುನಡುವೆ ಎದ್ದು ಅಡ್ಡಾಡಿ ಮಾಡುವ ಕೆಲಸ ಆದೀತು, ರೋಗಿಯನ್ನು ಎತ್ತಲಾರಳು. ಇಂಥವಳು ಗತ್ಯಂತರವಿಲ್ಲದೆ ಫಿಟ್ ಎಂದು ಬರೆಯಿಸಿಕೊಂಡು ಹೋಗುತ್ತಾಳೆ, ಹತ್ತು ದಿನಗಳಲ್ಲಿ ಮತ್ತೆ ಹಾಸಿಗೆ ಹಿಡಿಯುತ್ತಾಳೆ. ಎರಡನೆಯ ಸಲ ಆಕೆಯನ್ನು ಯಾರೂ ನಂಬುವುದಿಲ್ಲ. ಮೂರನೆಯ ಸಲ ರಾಜೀನಾಮೆಯ ಕಾಗದವನ್ನು ಮುಂದಿಡುತ್ತಾರೆ.

ಬ್ರಿಟನ್ನಿನಲ್ಲಿ 2010ರ ಏಪ್ರಿಲಿನಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಅಲ್ಲಿಯ ವೈದ್ಯರ ಚೀಟಿಯಲ್ಲಿ ಮೂರನೆಯದೊಂದು ಸಾಲು ಸೇರಿತು: ಇಂತಿಂತಹ ಏರ್ಪಾಡು ಮಾಡಿದರೆ ಈಕೆ ಕೆಲಸಕ್ಕೆ ಯೋಗ್ಯಳಾಗಬಹುದು. ಹಂತಹಂತವಾಗಿ ಮರಳುವುದು, ಕೆಲಸದ ವೇಳೆಯಲ್ಲಿ ಮಾರ್ಪಾಡು, ಕೆಲಸದ ಬಗೆಯಲ್ಲಿ ಮಾರ್ಪಾಡು, ಸ್ಥಳದಲ್ಲಿ ಅನುಕೂಲತೆ ಎಂಬ ನಾಲ್ಕು ಮನೆಗಳಿವೆ. ಬೇಕಾದುದಕ್ಕೆ ವೈದ್ಯರು ಗುರುತು ಹಾಕುತ್ತಾರೆ. 2022ರಿಂದ ದಾದಿಯರೂ, ವ್ಯಾಯಾಮ ಚಿಕಿತ್ಸಕರೂ ಈ ಚೀಟಿಯನ್ನು ಬರೆದುಕೊಡಬಹುದು. ಹೊಸ ಯಂತ್ರ ಬೇಕಿಲ್ಲ, ಕೋಟಿಗಳ ವೆಚ್ಚವಿಲ್ಲ. ಅಚ್ಚಿನ ಕಾಗದದ ಮೇಲೆ ಒಂದು ಸಾಲು ಹೆಚ್ಚು ಅಷ್ಟೆ. ಮಹಾರಾಷ್ಟ್ರ ಸರಕಾರವೂ, ನವಿಮುಂಬಯಿ, ಠಾಣೆ, ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗಳೂ ತಮ್ಮ ಆಸ್ಪತ್ರೆಗಳಲ್ಲಿ ಇದನ್ನು ಆರಂಭಿಸಲು ಏನು ಅಡ್ಡಿಯಿದೆಯೋ ನಾವು ಕಾಣೆವು.

ಹಗುರ ಕೆಲಸ ಆಸ್ಪತ್ರೆಯಲ್ಲಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಲಸಿಕೆಯ ಕೊಠಡಿ, ಹೊರರೋಗಿಗಳ ನೋಂದಣಿ, ಸೋಂಕು ತಡೆಯ ಮೇಲ್ವಿಚಾರಣೆ, ಉಪಕರಣಗಳ ಶುದ್ಧೀಕರಣದ ತಪಾಸಣೆ, ರೋಗಿಗಳ ದಾಖಲೆ, ಹೊಸ ದಾದಿಯರ ತರಬೇತಿ, ಮನೆಗೆ ಹೋದ ರೋಗಿಗಳಿಗೆ ದೂರವಾಣಿಯ ಸಲಹೆ. ಇವೆಲ್ಲಕ್ಕೂ ಅನುಭವಸ್ಥರೇ ಬೇಕು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ದೋಸೆಯ ಭಟ್ಟರೊಬ್ಬರಿಗೆ ಎಡಗಾಲು ಸೆಳೆದು ಕಲ್ಲಿಯ ಮುಂದೆ ನಿಲ್ಲಲಾಗದಾಯಿತು. ಅವರನ್ನು ಗಲ್ಲೆಯ ಪಕ್ಕದಲ್ಲಿ ಕೂಪನ್ನು ಹರಿಯಲು ಕೂಡಿಸಿದೆವು. ಹಿಟ್ಟಿನ ಹದ ನೋಡಲು ಮಾತ್ರ ಬೆಳಿಗ್ಗೆ ಸಂಜೆ ಒಳಗೆ ಹೋಗಿ ಬರುತ್ತಿದ್ದರು. ಇದರಲ್ಲಿ ನಮ್ಮ ಧರ್ಮಬುದ್ಧಿಗಿಂತ ವ್ಯಾಪಾರಬುದ್ಧಿಯೇ ಹೆಚ್ಚಾಗಿತ್ತೆಂದರೆ ಸುಳ್ಳಾಗದು. ಹದ ಬಲ್ಲ ಕೈ ಬೀದಿಯಲ್ಲಿ ಸಿಗುವುದಿಲ್ಲ. ಎಲ್ಲ ಹೋಟೆಲು ಮಾಲಿಕರೂ ಹೀಗೆಯೇ ನಡೆದುಕೊಳ್ಳುತ್ತಾರೆಂದು ನಾವು ಹೇಳಲಾರೆವು. ಕಾಲು ಸೋತ ಮಾಣಿಯ ಕೈಗೆ ಊರಿನ ಬಸ್ಸಿನ ಟಿಕೇಟು ಕೊಟ್ಟು ಕೈತೊಳೆದುಕೊಳ್ಳುವವರೂ ನಮ್ಮ ನಡುವೆಯೇ ಇದ್ದಾರೆ. ಆದರೂ ಎಸ್.ಎಸ್.ಎಲ್.ಸಿ. ಓದಿದ ಹೋಟೆಲಿನವನಿಗೆ ಹೊಳೆದದ್ದು ದೊಡ್ಡ ಡಿಗ್ರಿಗಳ ಆಸ್ಪತ್ರೆ ಆಡಳಿತಕ್ಕೆ ಹೊಳೆಯಬಾರದೇಕೆ?

ಇನ್ನು ಕಾಯಿದೆಯ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 20ನೆಯ ಕಲಮು, ಸೇವೆಯಲ್ಲಿದ್ದಾಗ ವಿಕಲತೆ ಹೊಂದಿದ ನೌಕರನನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯಕೂಡದು, ದರ್ಜೆ ಇಳಿಸಕೂಡದು, ಅದೇ ಸಂಬಳದ ಬೇರೆ ಹುದ್ದೆಗೆ ವರ್ಗಾಯಿಸಬೇಕು ಎನ್ನುತ್ತದೆ. ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯನ್ನು ನಿರ್ಮಿಸಿ ಆತನನ್ನು ಉಳಿಸಿಕೊಳ್ಳಬೇಕು. ಸರಕಾರಿ, ಪಾಲಿಕೆಯ ಆಸ್ಪತ್ರೆಗಳ ದಾದಿಯರಿಗೆ ಇದು ಗಟ್ಟಿಯಾದ ಆಸರೆ. ನೋವಿಗೆ ಶೇಕಡಾ 40ರ ವಿಕಲತೆಯ ಪ್ರಮಾಣಪತ್ರ ದೊರೆಯದವರ ಗತಿಯೇನೆಂಬ ಪ್ರಶ್ನೆಗೆ 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ವಿಕಾಸ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ ಹೇಳಿದ ಮಾತು ಗಮನಾರ್ಹ. ಬರೆಯುವಾಗ ಕೈ ಸೆಟೆದುಕೊಳ್ಳುವ ನರದ ತೊಂದರೆ ಆತನಿಗೆ. ಪರೀಕ್ಷೆಗೆ ಲಿಪಿಕಾರ ಬೇಕೆಂದು ಕೇಳಿದ್ದ. ತಕ್ಕ ಅನುಕೂಲತೆಯನ್ನು ಪಡೆಯುವ ಹಕ್ಕು ಶೇಕಡಾ 40ರ ಗೆರೆ ದಾಟಿದವರಿಗೆ ಮಾತ್ರ ಮೀಸಲಲ್ಲವೆಂದು ನ್ಯಾಯಾಲಯ ಸಾರಿತು. ದಿನವಿಡೀ ಬರೆಯುವ ನಮ್ಮ ಕಾರಕೂನ ಬಂಧುಗಳೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೆ ನಮ್ಮ ದಾದಿಯರಲ್ಲಿ ಅನೇಕರು ಖಾಸಗಿ ನರ್ಸಿಂಗ್ ಹೋಮುಗಳಲ್ಲಿದ್ದಾರೆ. 20ನೆಯ ಕಲಮಿನ ಆ ರಕ್ಷೆ ಅಲ್ಲಿಗೆ ತಲಪುವುದಿಲ್ಲ. 2016ರ ಜನವರಿಯ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಸಮಿತಿಯು ಐವತ್ತು ಹಾಸಿಗೆಗಳಿಗಿಂತ ಕಡಿಮೆಯಿರುವ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿರಕೂಡದೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರಕಾರಿ ದಾದಿಯ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಶಿಫಾರಸಿಗೂ ಸಂಬಳದ ಲಕೋಟೆಗೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಆ ಲಕೋಟೆ ಪಡೆಯುವವರೇ ಬಲ್ಲರು.

ಇ.ಎಸ್.ಐ. ಚಂದಾ ಕಡಿತವಾಗುತ್ತಿರುವ ದಾದಿಯರು ತಮ್ಮ ಹಕ್ಕನ್ನು ಅರಿತಿರಬೇಕು; ಹೋಟೆಲಿನ ನೌಕರರಿಗೂ ಇದೇ ನಿಯಮಗಳು ಅನ್ವಯಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇಕಡಾ 70 ದೊರೆಯುತ್ತದೆಂಬುದು ಬಹುಮಂದಿಗೆ ಗೊತ್ತು. ದೀರ್ಘರೋಗಗಳಿಗೆಂದು 34 ಕಾಯಿಲೆಗಳ ಬೇರೊಂದು ಪಟ್ಟಿಯಿದೆಯೆಂಬುದೂ, ಅದರಲ್ಲಿ ಬೆನ್ನೆಲುಬಿನ ಮೆತ್ತೆ ಜಾರುವುದೂ ಸೇರಿದೆಯೆಂಬುದೂ ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ವರ್ಷಗಳ ನಿರಂತರ ಸೇವೆಯೂ ನಿಯಮದಷ್ಟು ಚಂದಾವೂ ಸಂದಿದ್ದರೆ ಈ ಪಟ್ಟಿಯ ರೋಗಕ್ಕೆ ಸಂಬಳದ ಶೇಕಡಾ 80ರಂತೆ ಎರಡು ವರ್ಷಗಳ ತನಕವೂ ನೆರವು ಪಡೆಯಲು ಅವಕಾಶವಿದೆ. ಕೆಲಸದಲ್ಲಿದ್ದಾಗಲೇ ಪೆಟ್ಟಾದರೆ ಶೇಕಡಾ 90. ಅದಕ್ಕೆ ಇಷ್ಟು ದಿನ ಚಂದಾ ಸಂದಿರಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಪೆಟ್ಟಾದ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಯಿಸಿರಬೇಕು. ‘ಸೊಂಟ ಹಿಡಿದಿದೆ, ನಾಳೆ ಸರಿಯಾದೀತು’ ಎಂದು ನೋವಿನ ಮಾತ್ರೆ ನುಂಗಿ ಪಾಳಿ ಮುಗಿಸುವ ನಮ್ಮ ಹೆಣ್ಣುಮಕ್ಕಳು ಈ ಒಂದು ಸಾಲನ್ನು ಬರೆಯಿಸದೆಯೇ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಈ ಯೋಜನೆಗೆ ಸೇರುವ ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂಪಾಯಿಗೆ ಏರಿಸಲಾಯಿತು. ಅದನ್ನು ತುಸುವೇ ಮೀರಿದ ಸಂಬಳದ ಕಾರಣ ಹೊರಗುಳಿದವಳಿಗೆ ಆ ಏರಿಕೆಯ ಸಂಬಳ ಲಾಭವೋ ನಷ್ಟವೋ ತಿಳಿಯದಾಗಿದೆ. ಬ್ಯೂರೋಗಳ ಮೂಲಕ ಮನೆಮನೆಗೆ ಹೋಗಿ ಮುದುಕರ ಶುಶ್ರೂಷೆ ಮಾಡುವವರಿಗಾದರೋ ಪುಸ್ತಕವೂ ಇಲ್ಲ, ಚಂದಾವೂ ಇಲ್ಲ.

ನೋವಿನ ಮಾತ್ರೆಯ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಔಷಧದ ಬೀರು ಕೈಗೆಟಕುವಲ್ಲಿ ಇರುವವರು ತಾವೇ ವೈದ್ಯರಾಗುವ ಅಪಾಯವುಂಟು. ಸಾಮಾನ್ಯ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ನರದ ನೋವಿಗೆ ಅವುಗಳಿಂದ ಗುಣವೂ ಅಷ್ಟಕ್ಕಷ್ಟೆ. ಅದಕ್ಕೆಂದೇ ವೈದ್ಯರು ಬರೆಯುವ ಗಾಬಾಪೆಂಟಿನ್, ಪ್ರೀಗಾಬಾಲಿನ್, ಅಮಿಟ್ರಿಪ್ಟಿಲಿನ್ ಮುಂತಾದುವು ಕೆಲವರಿಗೆ ತೂಕಡಿಕೆಯನ್ನೂ ತಲೆಸುತ್ತನ್ನೂ ತರುತ್ತವೆ. ಮನಸ್ಸಿಗೆ ಬಂದಂತೆ ಹಠಾತ್ತನೆ ಬಿಡತಕ್ಕವೂ ಅಲ್ಲ. ಇಂತಹ ಔಷಧವನ್ನು ಹೊಸತಾಗಿ ಆರಂಭಿಸಿದವಳನ್ನು ರಾತ್ರಿ ಪಾಳಿಗೆ ಹಾಕಿ ಸೂಜಿಮದ್ದಿನ ಪ್ರಮಾಣ ಅಳೆಯಲು ಹೇಳುವುದು ರೋಗಿಗೂ ಕ್ಷೇಮವಲ್ಲ. ಕಾಲಿನ ಬಲ ಕುಂದುತ್ತ ಬಂದರೆ, ತೊಡೆಗಳ ಸಂದು ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ ಅಥವಾ ಕಟ್ಟಿಕೊಂಡರೆ ಒಂದು ತಾಸೂ ತಡಮಾಡದೆ ಆಸ್ಪತ್ರೆ ಸೇರಬೇಕು. ಉಳಿದಂತೆ ಹಾಸಿಗೆ ಹಿಡಿದು ಮಲಗಿಯೇ ಇರುವುದು ಈ ನೋವಿಗೆ ಮದ್ದಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ. ದಿನದಿನವೂ ಅಷ್ಟಷ್ಟು ನಡೆದು, ಕಲಿಸಿದ ವ್ಯಾಯಾಮ ಮಾಡಿ, ಕೆಲಸದ ಹೊರೆಯನ್ನು ಮೆಲ್ಲಗೆ ಏರಿಸುವುದೇ ದಾರಿ. ನೋವು ಪೂರ್ತಿ ಹೋದ ಮೇಲೆಯೇ ಕೆಲಸ ಎಂದು ಕಾಯುತ್ತ ಕುಳಿತರೆ ಕೆಲವರ ಪಾಲಿಗೆ ಆ ದಿನ ಬಾರದೆಯೇ ಹೋಗಬಹುದು. ನೋವಿದ್ದೂ ಕೆಲಸ ಮಾಡಬಹುದಾದ ದಿನ ಬರುತ್ತದೆ. ಹಂತಹಂತದ ಮರಳುವಿಕೆ ಚಿಕಿತ್ಸೆಯ ಭಾಗವೇ ಆಗಿರುವುದರಿಂದ ಅದಕ್ಕೆ ಅಡ್ಡಬರುವ ಆಡಳಿತವು ಚಿಕಿತ್ಸೆಗೇ ಅಡ್ಡಬರುತ್ತದೆ.

ಮನೆಯವರಿಗೂ ಒಂದು ಮಾತು. ಹೋಟೆಲಿನಿಂದ ರಾತ್ರಿ ಹನ್ನೊಂದಕ್ಕೆ ದಣಿದು ಬರುವ ಗಂಡನಿಗೆ ಹೆಂಡತಿ ಇಡೀ ದಿನ ಮನೆಯಲ್ಲಿಯೇ ಇದ್ದಳಲ್ಲ ಎಂದು ಅನಿಸುವುದು ಸಹಜ. ನೀರಿನ ಕೊಡವನ್ನೂ ಗ್ಯಾಸಿನ ಸಿಲಿಂಡರನ್ನೂ ಆತನೇ ಎತ್ತಿಟ್ಟರೆ, ನಾಳೆ ಆಕೆಗೆ ಕೆಲಸದ ಸ್ಥಳಕ್ಕೆ ಹೋಗುವಷ್ಟು ಶಕ್ತಿ ಉಳಿಯುತ್ತದೆ. ಆಟೋರಿಕ್ಷಾದ ಕುಲುಕಾಟ, ನಿಲ್ದಾಣದ ಮೆಟ್ಟಲು, ಗಾಡಿಯಲ್ಲಿ ನಿಂತ ಅರ್ಧ ತಾಸು, ಇಷ್ಟರಲ್ಲಿಯೇ ದಿನದ ಬಲವೆಲ್ಲ ತೀರಿಹೋಗುವವರಿದ್ದಾರೆ. ಜನಜಂಗುಳಿಯ ವೇಳೆ ತಪ್ಪಿಸಿ ಒಂದು ತಾಸು ತಡವಾಗಿ ಬರಲು ಆಸ್ಪತ್ರೆ ಒಪ್ಪಿದರೆ ಅದೂ ದೊಡ್ಡ ಉಪಕಾರವೇ.

ನಮ್ಮ ಸಂಘ ಸಂಸ್ಥೆಗಳು ಪ್ರತಿವರ್ಷ ದಾದಿಯರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತವೆ. ಬೇಡವೆನ್ನುವುದಿಲ್ಲ. ಆದರೆ ಈ ಪ್ರದೇಶದಲ್ಲಿ ಚಿಕ್ಕಪುಟ್ಟ ಆಸ್ಪತ್ರೆಗಳನ್ನು ನಡೆಸುವ ಕನ್ನಡಿಗ ವೈದ್ಯರೂ ಇದೇ ಸಂಘಗಳ ವೇದಿಕೆಯ ಮೇಲೆ ಕುಳಿತಿರುತ್ತಾರೆ. ಮುಂದಿನ ಸಮಾರಂಭದಲ್ಲಿ ಅವರನ್ನು ಮೂರು ಮಾತು ಕೇಳಬೇಕೆಂದು ಸಂಘದ ಕಾರ್ಯದರ್ಶಿಗಳಿಗೆ ನಮ್ಮ ವಿಜ್ಞಾಪನೆ. ತಮ್ಮ ವಾರ್ಡಿನಲ್ಲಿ ರೋಗಿಯನ್ನು ಸರಿಸುವ ಜಾರುಹಾಳೆ ಒಂದಾದರೂ ಇದೆಯೇ? ಅಪಘಾತದ ಪುಸ್ತಕ ದಾದಿಯ ಕೈಗೆ ಸಿಗುವಲ್ಲಿ ಇದೆಯೇ? ಬೆನ್ನುನೋವಿನಿಂದ ರಜೆ ಹೋದವಳಿಗೆ ಅರ್ಧ ಪಾಳಿಯ ಮೇಲೆ ಮರಳಲು ಒಪ್ಪುವಿರಾ? ಮೂರಕ್ಕೂ ಹೌದೆಂದು ಬರೆದುಕೊಡುವ ಆಸ್ಪತ್ರೆಯ ಹೆಸರನ್ನು ಈ ಪತ್ರಿಕೆಯ ಮೊದಲ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಇ.ಎಸ್.ಐ. ಅರ್ಜಿ ತುಂಬಲು ತಿಳಿಯದ ದಾದಿಯರೂ ಹೋಟೆಲು ನೌಕರರೂ ತಮ್ಮ ಕಾರ್ಡು, ವೈದ್ಯರ ಚೀಟಿಗಳೊಂದಿಗೆ ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬರಬಹುದು. ಕುಳಿತುಕೊಳ್ಳಲಾರದವರು ಮೆಟ್ಟಲು ಹತ್ತುವುದು ಬೇಡ. ಕೆಳಗಿನಿಂದ ಕೂಗಿದರೆ ನಾವೇ ಇಳಿದು ಬರುತ್ತೇವೆ.